ಸುದ್ದಿ ಬಂದ ಮೇಲೆ ಹೊಲಿಯುವ ಕುಲಾವಿ

ಬೆಳಗಿನ ಐದೂವರೆ. ನೊಣವಿನಕೆರೆಯ ಹಿಂದಿನ ಬೀದಿಯ ಹಿತ್ತಲೊಂದರಲ್ಲಿ ತೆಂಗಿನ ಮಟ್ಟೆಯ ಉರಿ ಹತ್ತಿಕೊಂಡಿದೆ. ಹಂಡೆಯಲ್ಲಿ ಬಟ್ಟೆ ಒಗೆಯುವ ಸೋಡಾ ಹಾಕಿದ ನೀರು ಕುದಿಯುತ್ತಿದೆ. ಗಂಗಲಕ್ಷ್ಮಿ ಹಗ್ಗದ ಮೇಲಿದ್ದ ಬಿಳಿ ಪಂಚೆಯ ತುದಿಯನ್ನು ಅಂಗೈಗೆ ಹಾಸಿಕೊಂಡು, ಬೆರಳಿನಿಂದ ಒಂದು ಹನಿ ನೀರು ಬಿಡುತ್ತಾರೆ. ಒಂದು, ಎರಡು, ಮೂರು ಎಂದು ಎಣಿಸುತ್ತಾರೆ. ಹನಿ ಕೆಸುವಿನೆಲೆಯ ಮೇಲೆ ಕೂತಂತೆ ಗುಂಡಗೆ ಕೂತೇ ಇದೆ. ಮೂರು ಪಂಚೆಗಳೂ ಮತ್ತೆ ಹಂಡೆಗೆ ಇಳಿಯುತ್ತವೆ. ಇದು ಮೂರನೆಯ ಕುದಿ.

"ಕೂಸಿಗೆ ಬಟ್ಟೆ ಬೇಯುಸ್ತಿದೀಯೋ, ಇಲ್ಲ ಬೀದಿಗೆಲ್ಲ ಸಾರು ಮಾಡ್ತಿದೀಯೋ?" ಎಂದು ಬೇಲಿಯಾಚೆಯಿಂದ ಅಂಕಮ್ಮ ಕೂಗುತ್ತಾರೆ.

"ಕೊಬ್ಬರಿ ಮನೆ ಪಂಚೆ ಕಣಮ್ಮಿ. ಇಪ್ಪತ್ತು ವರ್ಷ ಕುಡಿದಿರೋ ಎಣ್ಣೆ. ಬಾ ಅಂದ ತಕ್ಷಣ ಆಚೆಗೆ ಬತ್ತದಾ?"

ಪಂಚೆಗಳು ಕೊಬ್ಬರಿ ವ್ಯಾಪಾರದ ಮರುಳಸಿದ್ದಯ್ಯನವರವು. ಅವರ ಮಗಳು ಇಂಪನಾಗೆ ಈಗ ಎಂಟನೆಯ ತಿಂಗಳು. ಬಿಪಿ ಏರುತ್ತಿದೆ, ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಗಬಹುದು, ಮಗು ಸಣ್ಣದಿರುತ್ತದೆ, ಬೆಚ್ಚಗಿಡಲು ಬಟ್ಟೆ ಸಿದ್ಧವಿರಲಿ ಎಂದು ಡಾಕ್ಟರು ಹೇಳಿದ್ದಾರೆ. ಗಂಗಲಕ್ಷ್ಮಿಯ ಆತುರಕ್ಕೆ ಅದು ಕಾರಣ. ಇನ್ನೊಂದು ಕಾರಣವೂ ಇದೆ, ಅದು ಎರಡು ವರ್ಷ ಹಳೆಯದು.

ಐವತ್ತಮೂರು ವರ್ಷದ ಗಂಗಲಕ್ಷ್ಮಿ ಚಿಕ್ಕನಾಯಕನಹಳ್ಳಿ ಕಡೆಯವರು. ಮದುವೆಯಾಗಿ ಇಲ್ಲಿಗೆ ಬಂದಾಗ ಟೈಲರ್ ಅಂಗಡಿಯೊಂದರಲ್ಲಿ ಗುಂಡಿ ಹಾಕುವ ಕೆಲಸ. ಮಗಳು ಪುಷ್ಪಲತಾ ಹುಟ್ಟಿದ್ದು ಪುಷ್ಯ ಮಾಸದ ಚಳಿಯಲ್ಲಿ. ಕೂಸು ಹುಟ್ಟುವ ಮುಂಚೆ ಮನೆಗೆ ಏನೂ ತರಬಾರದೆಂಬುದು ಈ ಸೀಮೆಯ ಪದ್ಧತಿ. ಅತ್ತೆ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಕೊನೆಗೆ ಮಗುವನ್ನು ಸುತ್ತಿದ್ದು ಒಂದು ನೈಲಾನ್ ಸೀರೆಯಲ್ಲಿ. "ಉಚ್ಚೆ ಹೀರ್ಕಳ್ಳಿಲ್ಲ. ಕೂಸು ಒದ್ದೇಲೇ ಮಲಗಿ ತಣ್ಣಗಾಗೋಗಿತ್ತು. ದೇವ್ರು ದೊಡ್ಡೋನು, ಬದುಕ್ತು," ಎನ್ನುತ್ತಾರೆ. ತುರುವೇಕೆರೆಗೆ ಮದುವೆಯಾಗಿ ಹೋಗಿರುವ ಆ ಮಗಳು ಈಗ ಅವ್ವನಿಗೇ ಜೋರು ಮಾಡುವಷ್ಟು ಗಟ್ಟಿ.

ಅಲ್ಲಿಂದ ಶುರುವಾದದ್ದು ಇಪ್ಪತ್ತಾರು ವರ್ಷಗಳಿಂದ ನಡೆದಿದೆ. ಹೊಟ್ಟೆಪಾಡು ರವಿಕೆ ಮತ್ತು ಸ್ಕೂಲ್ ಯೂನಿಫಾರ್ಮಿನಿಂದ. ಕೂಸಿನ ಬಟ್ಟೆಗೆ ಬೆಳಗಿನ ಹೊತ್ತು ಮೀಸಲು. ತಿಂಗಳಿಗೆ ಎಂಟು ಹತ್ತು ಮನೆಗಳಿಂದ ಹಳೆಯ ಹತ್ತಿಬಟ್ಟೆಯ ಗಂಟು ಬರುತ್ತದೆ. ನೂರಾರು ಸಲ ಒಗೆದ ಹತ್ತಿಯ ಎಳೆ ಸಡಿಲವಾಗಿ ಮೆತ್ತಗಾಗಿರುತ್ತದೆ, ನೀರನ್ನು ಬೇಗ ಹೀರುತ್ತದೆ. ಅಂಗಡಿಯಿಂದ ತಂದ ಹೊಸ ಬಟ್ಟೆಗೆ ಗಂಜಿ ಹೋಗುವವರೆಗೂ ಆ ಗುಣ ಬರುವುದಿಲ್ಲ. ಗಂಗಲಕ್ಷ್ಮಿ ಇದನ್ನು ಎಲ್ಲೂ ಓದಿಲ್ಲ. ಹನಿ ಬಿಟ್ಟು ಎಣಿಸಿ ಕಂಡುಕೊಂಡಿದ್ದಾರೆ. ಮೂರು ಎಣಿಸುವುದರೊಳಗೆ ನೀರು ಇಂಗಿದರೆ ಪಾಸು. ಪಾಸಾದ ಒಂದು ಪಂಚೆಗೆ ಹನ್ನೆರಡು ಚೌಕ. ಕತ್ತರಿ ಹಾಕುವುದಿಲ್ಲ, ಎಳೆ ಹಿಡಿದು ಹರಿಯುತ್ತಾರೆ. ಅಂಚು ಮಡಿಸಿ ಹೊಲಿದರೆ ಆ ದಾರ ಕೂಸಿನ ತೊಡೆಗೆ ಒತ್ತುತ್ತದಂತೆ.

ಏನು ಬೇಡ ಎಂದು ಹೇಳುವುದೂ ಅವರದೇ ಕೆಲಸ. ಹೋದ ವಾರ ಇಂಪನಾ ಆಟೋದಲ್ಲಿ ಬಂದಳು, ಕೈಯಲ್ಲಿ ಮೊಬೈಲು. ಅದರಲ್ಲಿ ನಲವತ್ತೊಂದು ಸಾಮಾನಿನ ಪಟ್ಟಿ. ತಾಯಿ ದ್ರಾಕ್ಷಾಯಣಮ್ಮ ಜೊತೆಗೆ ಬಂದರೂ ಆಟೋದಿಂದ ಇಳಿಯಲಿಲ್ಲ, ಮುಖವನ್ನು ರಸ್ತೆಯ ಕಡೆಗೆ ತಿರುಗಿಸಿ ಕೂತರು.

"ಗಂಗಕ್ಕ, ನಮ್ಮಮ್ಮ ಒಂದೂ ಬೇಡ ಅಂತಾರೆ. ಇದ್ರಲ್ಲಿ ಎಲ್ಲಾ ಬೇಕು ಅಂತ ಬರೆದವ್ರೆ. ನೀನೇ ಹೇಳು."

"ಓದು ಮಗಾ, ಕೇಳಾಣ."

"ಷೂ."

"ಹುಟ್ಟಿದ್ ದಿವ್ಸವೇ ತಿಪಟೂರು ಬಸ್ಸಿಗೆ ನಡ್ಕಂಡು ಹೋಯ್ತದಾ ನಿನ್ ಕೂಸು? ತೆಗಿ."

"ಪೌಡ್ರು, ದಿಂಬು."

"ಪೌಡ್ರು ಮೂಗಿಗೋಯ್ತದೆ. ದಿಂಬು ನಿಂಗೆ ಇಟ್ಕೊ."

"ನೀರಿನ ಬಿಸಿ ನೋಡೋ ಥರ್ಮಾಮೀಟ್ರು."

"ನಿಮ್ಮಮ್ಮನ ಮೊಣಕೈ ಐತಲ್ಲ. ನಿನ್ನ ನೀರು ಅದ್ರಲ್ಲೇ ನೋಡಿದ್ದು."

ಆಟೋದೊಳಗೆ ದ್ರಾಕ್ಷಾಯಣಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ. ನಲವತ್ತೊಂದರಲ್ಲಿ ಕೊನೆಗೆ ಉಳಿದದ್ದು ಆರು: ಒರೆಸುವ ಮತ್ತು ಸುತ್ತುವ ಚೌಕ, ಮುಂದೆ ಕಟ್ಟುವ ಜುಬ್ಬ, ಕುಲಾವಿ, ಕಾಲುಚೀಲ, ಉಣ್ಣೆಯ ಹೊದಿಕೆ, ಸೊಳ್ಳೆಪರದೆ. ಜುಬ್ಬಕ್ಕೆ ಮುಂದೆಯೇ ಕಟ್ಟು ಬೇಕು, ಸಣ್ಣ ಕೂಸಿನ ತಲೆಯ ಮೇಲಿಂದ ಬಟ್ಟೆ ತೂರಿಸಬಾರದು ಎಂಬುದು ಗಂಗಲಕ್ಷ್ಮಿಯ ಹಟ.

ಆದರೆ ಆ ಆರಕ್ಕೂ ಒಪ್ಪಿಸಬೇಕಾಗಿದ್ದುದು ಆಟೋದಲ್ಲಿ ಕೂತಿದ್ದವರನ್ನು.

ಎರಡು ವರ್ಷದ ಹಿಂದೆ, ಇಂಪನಾಳ ಮೊದಲ ಬಸುರಿನಲ್ಲಿ ಗಂಗಲಕ್ಷ್ಮಿ ಒಂದು ತಪ್ಪು ಮಾಡಿದ್ದರು. ತಮ್ಮನ ಮಗಳ ಮದುವೆಗೆ ಊರಿಗೆ ಹೋಗಬೇಕಿತ್ತು. ಕೆಲಸ ಉಳಿಯಬಾರದೆಂದು ಆರನೆಯ ತಿಂಗಳಿಗೇ ಕುಲಾವಿ, ಜುಬ್ಬ ಎಲ್ಲ ಹೊಲಿದು ಮನೆಗೆ ಮುಟ್ಟಿಸಿದರು. ಏಳರಲ್ಲಿ ಬಿಪಿ ಏರಿ ಮಗು ಹೊಟ್ಟೆಯಲ್ಲೇ ಹೋಯಿತು. ಹದಿನೈದು ದಿನ ಕಳೆದು ದ್ರಾಕ್ಷಾಯಣಮ್ಮ ಆ ಗಂಟನ್ನು ತಂದು ಜಗಲಿಯ ಮೇಲಿಟ್ಟು, "ನಿನ್ನ ಹೊಲಿಗೆ ನಮ್ಮನೆಗೆ ಆಗಿಬರ್ಲಿಲ್ಲ ಬುಡು" ಎಂದು ಹೇಳಿ ಹೋದರು. ಮತ್ತೆ ಮಾತಾಡಲಿಲ್ಲ. ಎದುರಿಗೆ ಸಿಕ್ಕರೆ ರಸ್ತೆ ದಾಟುತ್ತಿದ್ದರು.

"ಬಿಪಿಗೂ ಕುಲಾವಿಗೂ ಏನ್ ಸಂಬಂಧ ಅಂತ ನಂಗೂ ಗೊತ್ತು ಕಣ್ರೀ," ಎನ್ನುತ್ತಾರೆ ಗಂಗಲಕ್ಷ್ಮಿ. "ಆದ್ರೆ ಆ ತಾಯಿ ಮುಂದೆ ನಿಂತ್ಕಂಡು ಹಂಗಂತ ಹೇಳಾಕಾಯ್ತದಾ? ಅವ್ರಿಗೆ ಬೈಯಾಕೆ ಯಾರಾದ್ರೂ ಬೇಕಿತ್ತು. ನಾ ಸಿಕ್ಕುದೆ."

ಅಂದಿನಿಂದ ಯಾವ ಮನೆಯದೇ ಆಗಲಿ, ಒಂದು ನೇಮ. ಬಟ್ಟೆ ಕುದಿಸಿ, ಚೌಕ ಹರಿದು, ಜುಬ್ಬ ಕುಲಾವಿಯದನ್ನು ಅಳತೆಗೆ ಕತ್ತರಿಸಿ ಮಡಿಸಿಡುತ್ತಾರೆ. ಕೂಸು ಹುಟ್ಟಿದ ಸುದ್ದಿ ಬರುವವರೆಗೆ ಸೂಜಿ ಮುಟ್ಟಿಸುವುದಿಲ್ಲ. ಬಂದ ಮೇಲೆ ನಾಲ್ಕು ಜುಬ್ಬ, ಮೂರು ಕುಲಾವಿಗೆ ಒಂದು ಗಂಟೆ ಹತ್ತು ನಿಮಿಷ.

ಹೋದ ವಾರ, ಪಟ್ಟಿ ಓದಿ ಮುಗಿದ ಮೇಲೆ, ಗಂಗಲಕ್ಷ್ಮಿ ತಾವೇ ಆಟೋದ ಬಳಿ ಹೋಗಿ ನಿಂತರು.

"ಅಮ್ಮೋರೇ, ಹೊಸಾದು ಏನೂ ತರ್ಬ್ಯಾಡಿ. ಯಜಮಾನ್ರ ಹಳೇ ಪಂಚೆ ಮೂರು ಕೊಡ್ಸಿ."

"ಕೊಟ್ರೆ ನೀ ಹೊಲಿದ್‌ಬುಡ್ತೀಯ."

"ಹೊಲಿಯಾಕಿಲ್ಲ. ಹರಿದು ಮಡಗ್ತೀನಿ. ಮನೇಲಿ ಹರಿದಿರೋ ಪಂಚೆ ಇದ್ರೆ ಯಾವ ದೇವ್ರು ಕೇಳ್ತಾನೆ?"

ದ್ರಾಕ್ಷಾಯಣಮ್ಮ ರಸ್ತೆಯ ಕಡೆಗಿದ್ದ ಮುಖವನ್ನು ಇತ್ತ ತಿರುಗಿಸಿದರು. ಆಮೇಲೆ, "ಅವ್ರ ಪಂಚೆ ಬರೀ ಎಣ್ಣೆ ಕಣೇ," ಎಂದರು. ಎರಡು ವರ್ಷದಲ್ಲಿ ಅದೇ ಮೊದಲ 'ಕಣೇ'. ಉಣ್ಣೆ ಹೊದಿಕೆ, ಕಾಲುಚೀಲ, ಪರದೆಯನ್ನು ಸುದ್ದಿ ಬಂದ ದಿನವೇ ಅಳಿಯ ದಯಾನಂದ್ ತರುವುದೆಂದು ಅಲ್ಲೇ ತೀರ್ಮಾನವಾಯಿತು. ಮಾರನೆಯ ದಿನ ಪಂಚೆ ಬಂದವು.

ಹಿತ್ತಲಲ್ಲಿ ಈಗ ಬಿಸಿಲು ಏರಿದೆ. ಮೂರನೆಯ ಕುದಿ ಮುಗಿದು ಪಂಚೆ ಒಣಗಿದ ಮೇಲೆ ಗಂಗಲಕ್ಷ್ಮಿ ಹನಿ ಬಿಡುತ್ತಾರೆ. ಒಂದು, ಎರಡು. ಮೂರಕ್ಕೆ ಮುಂಚೆ ಹನಿ ಮಾಯ. ಎರಡು ಪಂಚೆಯ ಇಪ್ಪತ್ತನಾಲ್ಕು ಚೌಕ ಸಂಜೆಯೊಳಗೆ ಇಂಪನಾಳ ಆಸ್ಪತ್ರೆಯ ಬ್ಯಾಗಿಗೆ ಸೇರುತ್ತವೆ; ಮೂರನೆಯ ಪಂಚೆ ಜುಬ್ಬ, ಕುಲಾವಿಯ ಅಳತೆಗೆ ಕತ್ತರಿಸಿಕೊಂಡು ಗಂಗಲಕ್ಷ್ಮಿಯ ಬಳಿಯೇ ಉಳಿಯುತ್ತದೆ.

ಹನ್ನೊಂದು ದಿನಗಳ ನಂತರ, ಬೆಳಿಗ್ಗೆ ಹತ್ತೂವರೆಗೆ ದಯಾನಂದ್ ತಿಪಟೂರಿನಿಂದ ಫೋನು ಮಾಡುತ್ತಾರೆ. ಹೆಣ್ಣು ಮಗು, ಒಂದು ಕೆಜಿ ಎಂಟುನೂರ ಐವತ್ತು ಗ್ರಾಂ, ಅಳು ಜೋರಾಗಿದೆ. ಗಂಗಲಕ್ಷ್ಮಿ ಮಿಷಿನ್ನಿನ ಮುಂದೆ ಕೂರುತ್ತಾರೆ. ಕತ್ತರಿಸಿಟ್ಟ ಅಳತೆ ದೊಡ್ಡದಾಯಿತೆಂದು ಮೂರೂ ಕುಲಾವಿಯನ್ನು ಎರಡು ಬೆರಳು ಕಿರಿದು ಮಾಡುತ್ತಾರೆ. ಹನ್ನೆರಡೂ ಕಾಲರ ಬಸ್ಸು ಹಿಡಿಯುತ್ತಾರೆ. ವಾರ್ಡಿನ ಬಾಗಿಲಲ್ಲಿ ಗಂಟನ್ನು ದ್ರಾಕ್ಷಾಯಣಮ್ಮನ ಕೈಗಿಟ್ಟು, ಒಳಗೆ ಇಣುಕದೆ, ಅದೇ ಬಸ್ಸಿಗೆ ವಾಪಸಾಗುತ್ತಾರೆ. "ಆಗಿಬರ್ಲಿಲ್ಲ ಅನ್ಸ್ಕಂಡ ಮ್ಯಾಲೆ ಯಾರ ಮನೆ ಕೂಸನ್ನೂ ನಾನು ಮುಟ್ಟಿಲ್ಲ. ಕೊಡೋದು, ಬರೋದು ಅಷ್ಟೆ," ಎನ್ನುತ್ತಾರೆ.

ಮಗು ತಾಯಿಯ ಎದೆಗಂಟಿಕೊಂಡು, ಅಜ್ಜನ ಪಂಚೆಯಲ್ಲಿ ಸುತ್ತಿಸಿಕೊಂಡು, ಹದಿನೆಂಟನೆಯ ದಿನಕ್ಕೆ ಎರಡು ಕೆಜಿ ದಾಟಿ ಮನೆಗೆ ಬರುತ್ತದೆ. ಅದೇ ಮಧ್ಯಾಹ್ನ ಗಂಗಲಕ್ಷ್ಮಿಗೆ ಕರೆ ಬರುತ್ತದೆ. ಅವರು ಹೋಗಿ ಜಗಲಿಯ ಕೆಳಗೇ ನಿಲ್ಲುತ್ತಾರೆ. ದ್ರಾಕ್ಷಾಯಣಮ್ಮ ಮಗುವನ್ನೆತ್ತಿಕೊಂಡು ಬಾಗಿಲಿಗೆ ಬರುತ್ತಾರೆ.

"ಅಲ್ಲೇನ್ ನಿಂತ್ಕಂಡಿದೀಯ? ಬಾ ಒಳಕ್ಕೆ. ಎತ್ಕೊ."

"ನಾನಾ?"

"ಇನ್ಯಾರು, ಪಕ್ಕದ್ಮನೆಯವ್ಳಾ?"

ಗಂಗಲಕ್ಷ್ಮಿ ಒಂದು ಹೆಜ್ಜೆ ಮುಂದಿಟ್ಟು ನಿಲ್ಲುತ್ತಾರೆ. ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತಾರೆ.

"ತಡೀರಿ ಅಮ್ಮೋರೇ. ಮೊದ್ಲು ಸೋಪು ಕೊಡಿ. ಕೈ ತೊಳ್ಕಂಡು ಬತ್ತೀನಿ."