ಕಡಲ ದಂಡೆಯಲ್ಲಿ ಗುರೆಳ್ಳಿನ ವಾಸನೆ

ಸತ್ತವರು ಕನಸಿನಲ್ಲಿ ಬಂದು ಮಾತಾಡಿದರು, ಎಡಗಣ್ಣು ಅದುರಿತು ಎಂದು ಯಾರಾದರೂ ಹೇಳಿದರೆ ನಾನು ಅವರೆದುರಿಗೇ ನಗುತ್ತಿದ್ದವಳು. ಹಾಗೆ ನಕ್ಕಿದ್ದಕ್ಕೆ ಒಂದಿಬ್ಬರು ನೆಂಟರು ಮಾತು ಬಿಟ್ಟಿದ್ದೂ ಉಂಟು. ಈಗ ನಾನೇ ಅಂಥದ್ದೊಂದನ್ನು ಹೇಳಹೊರಟಿದ್ದೇನೆ. ನಗುವ ಸರದಿ ನಿಮ್ಮದು.

ಕುಮಾರಸ್ವಾಮಿ ಲೇಔಟಿನ ನಮ್ಮ ಮನೆಯಲ್ಲಿ ಚಟ್ನಿಪುಡಿ ಮಾಡಿ ಮಾರುವುದು ನನ್ನ ಕೆಲಸ. ಮದುವೆಯಾಗಿ ವಿಜಯಪುರದಿಂದ ಬರುವಾಗ ಅವ್ವನಿಂದ ಕಲಿತು ತಂದ ವಿದ್ಯೆ ಅದೊಂದೇ. ಅದರಲ್ಲೂ ಗುರೆಳ್ಳು, ಇಲ್ಲಿಯವರು ಹುಚ್ಚೆಳ್ಳು ಅನ್ನುತ್ತಾರಲ್ಲ, ಅದನ್ನು ಹುರಿಯುವುದು ಸುಲಭವಲ್ಲ. ಶೇಂಗಾ ಆದರೆ ಬಣ್ಣ ನೋಡಿ ಇಳಿಸಬಹುದು. ಗುರೆಳ್ಳು ಮೊದಲೇ ಕಪ್ಪು, ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಚಟಪಟ ಸಿಡಿಯುವುದು ನಿಂತ ಮೇಲೂ ಒಂದು ಕ್ಷಣ ಬಿಡಬೇಕು. ಆ ಕ್ಷಣ ಯಾವುದೆಂದು ಮೂಗೇ ಹೇಳಬೇಕು. ಬೇಗ ಇಳಿಸಿದರೆ ಹಸಿ, ತಡವಾದರೆ ಕಹಿ.

ಮೂರು ವರ್ಷದ ಹಿಂದೆ ಒಂದು ಜ್ವರ ಬಂತು, ಹೋಗುವಾಗ ನನ್ನ ಮೂಗಿನ ಶಕ್ತಿಯನ್ನೂ ಹೊತ್ತುಕೊಂಡು ಹೋಯಿತು. ಕಾಫಿ, ಮಲ್ಲಿಗೆ, ಸೀದ ಹಾಲು ಎಲ್ಲ ಒಂದೇ ಆಯಿತು. ಎಂಟು ತಿಂಗಳು ಕಾದೆ. ಮತ್ತೆ ಮತ್ತೆ ಗುರೆಳ್ಳು ಸೀಯಿಸಿ ಚೆಲ್ಲಿದ ಮೇಲೆ, ಇನ್ನು ಪುಡಿ ಮಾಡುವುದಿಲ್ಲ ಎಂದು ಗಿರಾಕಿಗಳಿಗೆಲ್ಲ ಹೇಳಿಬಿಟ್ಟೆ. ಹೇಳಿದ ದಿನ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತೆ. ಅವ್ವ ಎಂದೋ ತೀರಿಹೋಗಿದ್ದಾಳೆ. ಅವಳದೆಂದು ನನ್ನಲ್ಲಿ ಉಳಿದಿದ್ದುದೂ ಹೋಯಿತಲ್ಲ ಅನ್ನಿಸಿತು.

ನನ್ನ ಮುಖ ನೋಡಲಾರದೆ ಯಜಮಾನರು ಲಲಿತಾಳ ಊರಿಗೆ ಕರೆದುಕೊಂಡು ಹೊರಟರು. ಲಲಿತಾ ಮೊದಲು ನಮ್ಮ ಪಕ್ಕದ ಮನೆಯವಳು. ಗಂಡನಿಗೆ ನಿವೃತ್ತಿಯಾದ ಮೇಲೆ ಹೊನ್ನಾವರದ ಹತ್ತಿರದ ಅವರ ಹಳ್ಳಿಗೆ ಹೋಗಿ ನೆಲೆಸಿದ್ದಳು. ಮನೆಯಲ್ಲಿ ನನ್ನ ನಾದಿನಿ ಶೈಲಾ ಒಬ್ಬಳೇ ಉಳಿದಳು.

ನಾವು ಮೀನು ತಿನ್ನದವರೆಂದು ಲಲಿತಾ ನಮಗಾಗಿ ಹೊಸ ಪಾತ್ರೆಗಳನ್ನೇ ತಂದಿಟ್ಟಿದ್ದಳು. ತಿಂಡಿ ತಿಂದು, ಎರಡೆರಡು ಸಲ ಚಹಾ ಕುಡಿದು, ಯಾವ ಅವಸರವೂ ಇಲ್ಲದೆ ಕಡಲಿಗೆ ನಡೆದೆವು. ದಂಡೆಯ ಉದ್ದಕ್ಕೂ ಮೀನು ಒಣಹಾಕಿದ್ದರು. ಯಜಮಾನರು ಕರ್ಚೀಫು ತೆಗೆದು ಮೂಗಿಗೆ ಒತ್ತಿಕೊಂಡರು.

"ನೋಡೇ ನಿಮ್ ಯಜಮಾನ್ರನ್ನ! ನೀನೇ ಆರಾಮಾಗಿದೀಯ ಬಿಡು" ಎಂದು ಲಲಿತಾ ಛೇಡಿಸಿದಳು. ನಾನೂ ನಕ್ಕೆ. ಒಳಗೆ ಚುರುಕ್ಕೆಂದಿತು.

ದಡಕ್ಕೆ ಎಳೆದು ನಿಲ್ಲಿಸಿದ್ದ ದೋಣಿಯ ನೆರಳಿನಲ್ಲಿ ಕೂತು ಎಳನೀರು ಕುಡಿಯುತ್ತಿದ್ದೆವು. ಹನ್ನೊಂದು ಗಂಟೆ ಇರಬಹುದು. ಇದ್ದಕ್ಕಿದ್ದಂತೆ ಗುರೆಳ್ಳಿನ ವಾಸನೆ ಬಂತು. ಅವ್ವನ ಒಲೆಯ ಮುಂದೆ ಕೂತಾಗ ಬರುತ್ತಿದ್ದ ಅದೇ ವಾಸನೆ, ಹದ ಇನ್ನೇನು ಮೀರಬೇಕು ಅನ್ನುವಂಥದ್ದು. ಯಾಕೆ ಹಾಗೆ ಮಾಡಿದೆನೋ ಕೇಳಬೇಡಿ. ಚೀಲದಿಂದ ಫೋನ್ ತೆಗೆದು ಶೈಲಾಳಿಗೆ ಹಚ್ಚಿದೆ. ಹಲೋ ಕೂಡ ಅನ್ನಲಿಲ್ಲ.

"ಶೈಲಾ, ಇಳಿಸು."

ಆ ಕಡೆ ಬಾಣಲೆ ಇಳಿಸಿದ ಸದ್ದು.

"ವೈನಿ, ನಾನು ಹುರೀತಿದೀನಿ ಅಂತ ನಿಮ್ಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ನೀನ್ಯಾಕೆ ಹುರಿಯೋಕೆ ಹೋದೆ?"

"ನೀವು ನಿಲ್ಲಿಸ್ತೀನಿ ಅಂದ್ರಲ್ಲ, ನಂಗೆ ತಡ್ಕೊಳ್ಳೋಕಾಗ್ಲಿಲ್ಲ. ನಾನಾದ್ರೂ ಕಲಿಯೋಣ ಅಂತ... ಸಿಡಿಯೋದು ನಿಂತಿತ್ತು. ಇಳಿಸ್ಲಾ ಬೇಡ್ವಾ ಗೊತ್ತಾಗ್ದೆ ಸೌಟು ಹಿಡ್ಕೊಂಡು ನಿಂತಿದ್ದೆ ವೈನಿ. ಅಷ್ಟರಲ್ಲಿ ಫೋನ್ ಬಂತು."

ಫೋನ್ ಇಡುವಷ್ಟರಲ್ಲಿ ವಾಸನೆ ಹೋಗಿಬಿಟ್ಟಿತ್ತು. ಉಸಿರು ಎಳೆದು ಎಳೆದು ನೋಡಿದೆ, ಮೀನಿನದೂ ಇಲ್ಲ. ಜೊತೆಯಲ್ಲಿದ್ದವರಿಗೆ ಗುರೆಳ್ಳಿನ ವಾಸನೆ ಬಂದೇ ಇರಲಿಲ್ಲ. ಮೂರನೆಯ ದಿನ ಮನೆಗೆ ಬಂದು ಆ ಪುಡಿಯನ್ನು ಬಾಯಿಗೆ ಹಾಕಿಕೊಂಡೆ. ಕಹಿ ಇರಲಿಲ್ಲ, ಅಷ್ಟು ನನ್ನ ನಾಲಿಗೆಗೂ ತಿಳಿಯುತ್ತದೆ. ಯಜಮಾನರು ಎರಡನೇ ರೊಟ್ಟಿಗೂ ಅದನ್ನೇ ಬಡಿಸಿಕೊಂಡು, "ಹದ ಸರಿಯಾಗಿದೆ" ಅಂದರು. ಮರುದಿನವೇ ಗಿರಾಕಿಗಳಿಗೆ ಫೋನ್ ಮಾಡಿ, ಪುಡಿ ಸಿಗುತ್ತದೆ ಎಂದೆ.

ಅಲ್ಲಿಂದೀಚೆಗೆ ಶೈಲಾ ಹುರಿಯುತ್ತಾಳೆ, ನಾನು ಪಕ್ಕದಲ್ಲಿ ನಿಲ್ಲುತ್ತೇನೆ. ಮೊದಮೊದಲು ಇಬ್ಬರೂ ಸೇರಿ ಬೇಕಾದಷ್ಟು ಸೀಯಿಸಿದೆವು. ಆರೇಳು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಗುರೆಳ್ಳಿನ ವಾಸನೆ ತೆಳುವಾಗಿ ಬಂತು, ಆಮೇಲೆ ಕಾಫಿಯದು. ಮಲ್ಲಿಗೆ ಇನ್ನೂ ಬಂದಿಲ್ಲ. ಹೀಗೆ ಒಂದೊಂದಾಗಿ ಮರಳುವುದುಂಟು, ಇಲ್ಲದ ವಾಸನೆ ಬಂದಂತಾಗುವುದೂ ಉಂಟು ಎಂದು ಡಾಕ್ಟರು ಹೇಳಿದರು. ಒಪ್ಪಿದೆ. ಆದರೆ ಇಲ್ಲದ ವಾಸನೆಗೆ ಶೈಲಾಳ ಬಾಣಲೆಯ ಹೊತ್ತು ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ ಅವರು ನಕ್ಕರು. ನಾನು ಮೊದಲು ನಗುತ್ತಿದ್ದ ಹಾಗೆಯೇ.

ಬರುವ ತಿಂಗಳು ಮತ್ತೆ ಲಲಿತಾಳ ಊರಿಗೆ ಹೊರಟಿದ್ದೇವೆ, ಈ ಸಲ ಶೈಲಾಳೂ ಬರುತ್ತಾಳೆ. ಯಜಮಾನರು ಈಗಲೇ ಕರ್ಚೀಫು ತೆಗೆದಿಟ್ಟುಕೊಂಡಿದ್ದಾರೆ. ನನಗೂ ಒಂದು ಇಟ್ಟುಕೊಂಡಿದ್ದೇನೆ. ಅದು ಬೇಕಾಗಲಿ ಎಂಬುದೇ ನನ್ನ ಆಸೆ.