ಮೈಕಿನೊಳಗಿನ ಕೆಂಪು ಧೂಳು

ಗಿರಿಜಕ್ಕನವರೇ, ಕಂಪ್ಲಿಯ ಅಕ್ಕಿ ಮಿಲ್ಲಿನ ಪೂಜೆಯ ದಿನ ಒಡೆದದ್ದು ನಿಮ್ಮ ದನಿಯಲ್ಲ. ಕೆಟ್ಟಿದ್ದು ನನ್ನ ಮೈಕು. ಅದು ನನಗೆ ಅಲ್ಲೇ, ಆ ಗಳಿಗೆಯಲ್ಲೇ ಗೊತ್ತಾಗಿತ್ತು — ಆಮೇಲೆ ತಿಳಿಯಿತು ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಕಾಲುವೆ ನೀರು ಬಂದು ಕಂಪ್ಲಿಯಲ್ಲಿ ವರ್ಷಕ್ಕೊಂದು ಮಿಲ್ಲು ಏಳುತ್ತಿದ್ದ ಕಾಲ. ತೊಟ್ಟಿಲಿನಿಂದ ಹಿಡಿದು ಟ್ರ್ಯಾಕ್ಟರ್ ಪೂಜೆಯವರೆಗೆ ಎಲ್ಲಕ್ಕೂ ಮೈಕು ಬೇಕಿತ್ತು. ಮೈಕಿದ್ದಲ್ಲಿ ನಿಮ್ಮ ಹಾಡು ಬೇಕಿತ್ತು. ಹೊಸಪೇಟೆಯಿಂದ ಮೈಕ್ ಸೆಟ್ಟು ತರುತ್ತಿದ್ದವನು ನಾನು. ನನ್ನ ಹತ್ತಿರ ಇದ್ದದ್ದು ಒಂದೇ ಒಳ್ಳೆಯ ಮೈಕು. ಅದಕ್ಕೆ ನಾನು ಮಾಡುತ್ತಿದ್ದ ಮಡಿ ನಿಮಗೆ ಗೊತ್ತೇ ಇದೆ. ಯಾರಾದರೂ ಉಫ್ ಎಂದು ಊದಿದರೆ, ಬೆರಳಿನಿಂದ ಟಕಟಕ ಬಡಿದರೆ ನನಗೆ ಮೈ ಉರಿಯುತ್ತಿತ್ತು. ಎಂಥ ದೊಡ್ಡವರಾದರೂ ಕೈ ಹಿಡಿದು ಬಿಡಿಸುತ್ತಿದ್ದೆ. ಕಾರ್ಯಕ್ರಮ ಮುಗಿದ ಮೇಲೆ ಜಾಲರಿ ಬಿಚ್ಚಿ, ಎಂಜಲು ಒರೆಸಿ, ನೆರಳಲ್ಲಿ ಆರಿಸಿ, ಬಟ್ಟೆ ಚೀಲಕ್ಕೆ ಹಾಕಿಯೇ ಊಟಕ್ಕೆ ಕೂಡುವುದು. "ಹೆಂಡ್ತಿಗಿಂತ ಮೈಕನ್ನ ಚಲೋ ನೋಡ್ಕೋತೀರಿ ಬಿಡ್ರಿ" ಎಂದು ನೀವು ಒಮ್ಮೆ ನಕ್ಕಿದ್ದಿರಿ.

ಸಂಡೂರಿಗೆ ಹೋದರೆ ಇನ್ನೊಂದು ಕಟ್ಟಳೆ. ಅಲ್ಲಿನ ಧೂಳು ಬರೀ ಮಣ್ಣಲ್ಲ, ಕಬ್ಬಿಣದ ಅದಿರು. ಮೈಕಿನ ಒಳಗಿರುವುದು ಅಯಸ್ಕಾಂತ, ಬಿಟ್ಟರೆ ಎಳೆದುಕೊಳ್ಳುತ್ತದೆ. ಅದಕ್ಕೇ ನಾವು ಮೈಕ್ ಸೆಟ್ಟಿನವರು ಅಲ್ಲಿ ಮಾತು ಶುರುವಾಗುವ ತನಕ ಚೀಲ ಬಿಚ್ಚುತ್ತಿರಲಿಲ್ಲ, ಮಾತು ನಿಂತ ಕೂಡಲೇ ಮತ್ತೆ ಹಾಕುತ್ತಿದ್ದೆವು. ಮಿಲ್ಲಿನ ಪೂಜೆಯ ಹಿಂದಿನ ದಿನ ಸಂಡೂರಿನಲ್ಲಿ ಒಂದು ಆಟೋಟ ಸ್ಪರ್ಧೆ ಇತ್ತು. ಮಧ್ಯಾಹ್ನ ಊಟಕ್ಕೆ ಕರೆದರು — ಹೋಳಿಗೆ ಊಟ. ಮೈಕನ್ನು ಸ್ಟ್ಯಾಂಡಿನ ಮೇಲೆ ಹಾಗೇ ಬಿಟ್ಟು ಹೋದೆ. ಮೈದಾನದ ಪಕ್ಕದಲ್ಲೇ ರಸ್ತೆ, ಅದಿರಿನ ಲಾರಿಗಳು ಒಂದರ ಹಿಂದೆ ಒಂದು. ತಿರುಗಿ ಬಂದು ಹೊರಗಿನ ಧೂಳನ್ನಷ್ಟೇ ಒರೆಸಿದೆ. ಜಾಲರಿ ಬಿಚ್ಚಿ ನೋಡಲಿಲ್ಲ. ಸೋಮಾರಿತನ, ಬೇರೇನೂ ಅಲ್ಲ.

ಮರುದಿನ ಮಿಲ್ಲಿನ ಮಾಲೀಕರು ಮಾತಾಡುವಾಗ ತೊಂದರೆ ಕಾಣಲಿಲ್ಲ. ನೀವು ಹಾಡುತ್ತ ಮೇಲಿನ ಸ್ವರಕ್ಕೆ ಏರಿದಾಗ ಹಾರ್ನ್ ಸ್ಪೀಕರುಗಳೆಲ್ಲ ಗರಗರ ಅಂದವು. ಜನ ತಿರುಗಿ ನೋಡಿದರು. ನೀವು ನಿಲ್ಲಿಸಿದಿರಿ.

"ಏನಪ್ಪಾ, ಮೈಕ್ ಕೆಟ್ಟೈತೇನು?" ಎಂದರು ಮಾಲೀಕರು.

ನಾನು ನಿಮ್ಮ ಪಕ್ಕದಲ್ಲೇ ನಿಂತಿದ್ದೆ, ನಿಮ್ಮ ಬಾಯಿಂದ ಬಂದ ದನಿ ಸ್ವಚ್ಛವಾಗಿಯೇ ಕೇಳಿತ್ತು. ಮೈಕು ಇನ್ನೂ ಚಾಲೂ ಇತ್ತು.

"ಮೈಕ್ ಸರಿ ಐತ್ರಿ ಸಾವ್ಕಾರ್ರ. ಅಕ್ಕಾರ ದನೀನ ಒಡದೈತಿ."

ಇಡೀ ಪೆಂಡಾಲಿಗೆ ಕೇಳಿಸಿತು. ಎರಡು ತಿಂಗಳ ಹಿಂದೆ ನಿಮಗೆ ಟೈಫಾಯ್ಡ್ ಬಂದು ಹೋಗಿದ್ದು ನನಗೆ ಗೊತ್ತಿತ್ತು. ಆ ಜ್ವರಕ್ಕೆ ದನಿ ಹೋಯಿತೆಂದರೆ ನಂಬುತ್ತೀರಿ ಎನ್ನುವುದೂ ಗೊತ್ತಿತ್ತು. "ಹೌದೇನ್ರಿ?" ಎಂದು ನನ್ನನ್ನೇ ಕೇಳಿದಿರಿ. ನಾನು ಹೌದೆಂದು ತಲೆಯಾಡಿಸಿದೆ. ನೀವು ಸೆರಗು ಹೊದ್ದು ಹೆಂಗಸರ ಕೊನೆಯ ಸಾಲಿಗೆ ಹೋಗಿ ಕುಳಿತಿರಿ.

ಸಂಜೆ ಮನೆಯಲ್ಲಿ ಜಾಲರಿ ಬಿಚ್ಚಿದೆ. ಒಳಗಿನ ತೆಳ್ಳನೆಯ ಪೊರೆಯ ಮೇಲೆ ಕೆಂಪು ಧೂಳು ಮೀಸೆಯ ಹಾಗೆ ಎದ್ದು ನಿಂತಿತ್ತು. ಅಂಟು ಕಾಗದ ಮೆಲ್ಲಗೆ ತಾಗಿಸಿ ತಾಗಿಸಿ ತೆಗೆದೆ. ಕಾಲು ಗಂಟೆಯಲ್ಲಿ ಮೈಕು ಸರಿಹೋಯಿತು. ನೀವು ಮತ್ತೆ ಹಾಡಲಿಲ್ಲ.

ಮನೆಯಲ್ಲಾದರೂ ಬಾಯಿಬಿಟ್ಟು ಹಾಡಿದ್ದರೆ ನಿಮಗೇ ತಿಳಿಯುತ್ತಿತ್ತು — ಆದರೆ ಅಷ್ಟು ಜನರ ನಡುವೆ ಆ ಮಾತು ಕೇಳಿಸಿಕೊಂಡ ಮೇಲೆ ಧೈರ್ಯ ಎಲ್ಲಿಂದ ಬರಬೇಕು. ಸೋಮವಾರದ ಭಜನೆಯಲ್ಲಿ ನಿಮ್ಮನ್ನು ನೋಡಿದ್ದೇನೆ. ತಾಳ ಹಾಕುತ್ತೀರಿ, ತುಟಿ ಆಡುತ್ತವೆ, ದನಿ ಹೊರಡುವುದಿಲ್ಲ. ನನ್ನ ಹೆಸರು ಮಾತ್ರ ಉಳಿಯಿತು. ಅವನ ಮೈಕು ಎಂದೂ ಕೈಕೊಡುವುದಿಲ್ಲ ಎಂದು ಜನ ಇವತ್ತಿಗೂ ಅನ್ನುತ್ತಾರೆ.

ಹೇಳಿಬಿಡಬೇಕೆಂದು ಎರಡು ಸಲ ನಿಮ್ಮ ಮನೆಗೆ ಬಂದೆ. ಮೊದಲ ಸಲ ಬಾಗಿಲಿನಿಂದಲೇ ತಿರುಗಿದೆ. ಎರಡನೆಯ ಸಲ ನೀವು ಕೂರಿಸಿ ಚಹಾ ಕೊಟ್ಟಿರಿ. "ಉಳದೋರೆಲ್ಲ ನನ್ನ ಮಾರಿ ನೋಡಿ ದನಿ ಚಲೋ ಐತಿ ಅಂತಿದ್ರು. ನೀವೊಬ್ರ ಖರೇ ಹೇಳಿದ್ರಿ" ಎಂದಿರಿ. ನಾನು ಆ ಚಹಾ ಕುಡಿದು ಎದ್ದು ಬಂದೆ. ನಾಚಿಕೆಗೆಟ್ಟವನು ನಾನು.

ಬರುವ ಸೋಮವಾರ ಭಜನೆಗೆ ಅದೇ ಮೈಕು ತರುತ್ತೇನೆ. ಜಾಲರಿ ಬಿಚ್ಚಿ, ಒರೆಸಿ ಇಟ್ಟಿದ್ದೇನೆ. ಎಲ್ಲರಿಗೂ ಕೇಳುವಂತೆ ಆಡಿದ ಸುಳ್ಳನ್ನು ನಿಮ್ಮೊಬ್ಬರ ಕಿವಿಯಲ್ಲಿ ಮೆಲ್ಲಗೆ ಒಪ್ಪಿಕೊಂಡರೆ ಸಾಲದು. ಇಲ್ಲಿ ಬರೆದದ್ದನ್ನೆಲ್ಲ ಅಲ್ಲಿ ಜೋರಾಗಿ ಹೇಳುತ್ತೇನೆ. ಹಾಡಿರಿ ಎಂದು ಮಾತ್ರ ಕೇಳುವುದಿಲ್ಲ — ಹದಿನೆಂಟು ವರ್ಷ ನಿಮ್ಮ ಬಾಯಿ ಮುಚ್ಚಿಸಿದವನು ಯಾವ ಮುಖ ಹೊತ್ತು ಕೇಳಲಿ. ಹೇಳಿ ಮುಗಿಸಿ, ಮೈಕನ್ನು ಬಂದ್ ಮಾಡದೆ, ನಿಮ್ಮ ಮುಂದೆ ಇಟ್ಟು, ಕೊನೆಯ ಸಾಲಿಗೆ ಹೋಗಿ ಕೂಡುತ್ತೇನೆ.