ಬಟ್ಟಲಡಿಯ ಕುದುರೆಗಳು

ನಮ್ಮಪ್ಪ ಜನ್ಮದಲ್ಲಿ ಒಂದು ಬಡಿಗೆ ಎತ್ತಿ ನಾಯಿಗೂ ಹೊಡೆದವರಲ್ಲ. ಧಾರವಾಡದ ಕಲೆಕ್ಟರ್ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದರು. ಸಾಹೇಬರ ಮುಂದೆ ನಿಂತರೆ ಅವರ ರುಮಾಲು ಕೂಡ ನಡುಗುತ್ತದೆ ಎಂದು ಓಣಿಯವರು ನಗುತ್ತಿದ್ದರು. ಆದರೆ ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ಪಡಸಾಲೆಯ ಮೇಜಿನ ಮುಂದೆ ಕೂತರೆಂದರೆ ದೊಡ್ಡ ದಂಡನಾಯಕ.

ವಿಲಾಯತಿಗೆ ಮರಳುವಾಗ ಒಬ್ಬ ಸಾಹೇಬ ಅವರಿಗೆ ಒಂದು ಪೆಟ್ಟಿಗೆ ಸೀಸದ ಸೈನಿಕರನ್ನು ಕೊಟ್ಟು, ಯುದ್ಧದ ಆಟ ಆಡುವುದನ್ನೂ ಕಲಿಸಿ ಹೋಗಿದ್ದ. ಮೇಜಿನ ಮೇಲೆ ಹಸಿರು ಬಟ್ಟೆ. ಅದರಡಿ ಪುಸ್ತಕ ಇಟ್ಟರೆ ಗುಡ್ಡ, ಮೇಲೆ ನೀಲಿ ದಾರ ಎಳೆದರೆ ಹೊಳೆ. ದಾಳ ಉರುಳಿಸಿ, ಅಳತೆಪಟ್ಟಿ ಹಿಡಿದು ದಂಡನ್ನು ಮುಂದೆ ಸರಿಸುವುದು, ಎದುರಿನವರ ನಿಶಾನೆ ಕಿತ್ತುಕೊಂಡರೆ ಗೆಲುವು. ಎದುರಾಳಿ ಪಕ್ಕದ ಮನೆಯ ವಕೀಲರು. ಆಗ ಜಗತ್ತಿನಲ್ಲಿ ನಿಜವಾದ ಯುದ್ಧವೇ ನಡೆದಿತ್ತು, ಸೀಮೆಎಣ್ಣೆಗೆ ಬರ ಬಂದಿತ್ತು. ನಮ್ಮ ಪಡಸಾಲೆಯ ಯುದ್ಧಕ್ಕೆ ಮಾತ್ರ ಕಂದೀಲು ತಪ್ಪಲಿಲ್ಲ. ಅವ್ವ ಒಲೆಯ ಬೆಳಕಿನಲ್ಲೇ ರೊಟ್ಟಿ ಬಡಿಯುತ್ತಿದ್ದಳು.

ಅಪ್ಪನ ಜೀವವೆಲ್ಲ ಒಂದು ಹಿತ್ತಾಳೆ ಬಟ್ಟಲಿನಲ್ಲಿತ್ತು. ಆಟಕ್ಕೆ ಮೊದಲು ಇಬ್ಬರೂ ಒಂದೊಂದು ತುಕಡಿಯನ್ನು ಮೇಜಿನ ಅಂಚಿಗೆ ಇಟ್ಟು, ಮೇಲೆ ಬಟ್ಟಲು ಬೋರಲು ಹಾಕಬಹುದು. ಅದು ಮೀಸಲು ಪಡೆ. ಯಾವಾಗ ಬೇಕೋ ಆವಾಗ ಬಟ್ಟಲೆತ್ತಿ ಕಣಕ್ಕೆ ಬಿಡುವುದು. ಆಟ ಮುಗಿಯುವವರೆಗೂ ಬಿಡದಿದ್ದರೆ ಅವು ಉಳಿದವರ ಲೆಕ್ಕಕ್ಕೂ ಇಲ್ಲ, ಸತ್ತವರ ಲೆಕ್ಕಕ್ಕೂ ಇಲ್ಲ. ವಕೀಲರು ಅವಸರದ ಮನುಷ್ಯ, ಮೊದಲ ಪೆಟ್ಟಿಗೇ ಬಟ್ಟಲೆತ್ತುತ್ತಿದ್ದರು. ಅಪ್ಪ ಕೆಂಪಂಗಿಯ ಕುದುರೆ ಸವಾರರನ್ನು ಮುಚ್ಚಿಟ್ಟು, ಮುಂದಿನ ಸಾಲಿನ ಕಾಲಾಳುಗಳು ಒಬ್ಬೊಬ್ಬರಾಗಿ ಉರುಳುವುದನ್ನು ನೋಡುತ್ತ ಅಡಿಕೆ ಕತ್ತರಿಸುತ್ತ ಕೂರುತ್ತಿದ್ದರು. ವಕೀಲರ ಕೈ ಬರಿದಾದ ಮೇಲೆ ಕುದುರೆ ಹೊರಗೆ. ಹೀಗಾಗಿ ಕಾಲಾಳುಗಳ ಬಣ್ಣವೆಲ್ಲ ಹಾರಿ ಸೀಸ ಕಾಣುತ್ತಿತ್ತು, ಕುದುರೆಗಳು ಮಾತ್ರ ಅಂಗಡಿಯಿಂದ ಈಗ ತಂದ ಹಾಗಿದ್ದವು. ವಕೀಲರು ಊರಲ್ಲಿಲ್ಲದ ದಿನ ಎದುರಿಗೆ ನಾನು ಕೂರಬೇಕು. ಸಾಲಿ ಬಿಡಿಸಿ ಮನೆಯಲ್ಲಿ ಕೂಡಿಸಿದ್ದರಲ್ಲ, ಹುಡುಗಿಗೆ ಮತ್ತೇನು ಉದ್ಯೋಗ. ನಾನು ಬಟ್ಟಲೆತ್ತಲು ಕೈ ಚಾಚಿದರೆ ಸಾಕು, ಅಳತೆಪಟ್ಟಿಯಿಂದ ಬೆರಳಿಗೆ ಹೊಡೆದು, ಇಷ್ಟು ಲಗೂ ಯಾಕೆ ಎಂದು ಬೈಯುತ್ತಿದ್ದರು. ನಾಯಿಗೂ ಹೊಡೆದವರಲ್ಲ ಎಂದೆನಲ್ಲ, ಮಗಳ ಬೆರಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅಕ್ಕನನ್ನು ಹುಬ್ಬಳ್ಳಿಗೆ ಕೊಟ್ಟಿತ್ತು. ಭಾವನಿಗೆ ಹತ್ತಿ ವ್ಯಾಪಾರ, ಗೋಪನಕೊಪ್ಪದ ಕಡೆ ಹೊಲ. ಲಗ್ನವಾಗಿ ಐದು ವರ್ಷವಾದರೂ ಅಕ್ಕನ ಮಡಿಲು ತುಂಬಿರಲಿಲ್ಲ, ಅವಳ ಅತ್ತೆ ಮಗನಿಗೆ ಇನ್ನೊಂದು ಹೆಣ್ಣಿನ ಮಾತು ತೆಗೆದಿದ್ದಳು. ಇಂಥ ಹೊತ್ತಿನಲ್ಲಿ ಹೊರಗಿನ ಸವತಿ ಬರುವುದರ ಬದಲು ಹೆಂಡತಿಯ ತಂಗಿಯನ್ನೇ ಕೊಡುವುದು ನಮ್ಮಲ್ಲಿ ಹೊಸದೇನಲ್ಲ. ಆಸ್ತಿವಂತ ಅಳಿಯ ಕೈಬಿಟ್ಟು ಹೋಗುವುದಿಲ್ಲ, ಅಷ್ಟೇ.

ಆ ವರ್ಷವೇ ನನಗೆ ಮುಗದದ ಒಬ್ಬ ಸಾಲಿ ಮಾಸ್ತರರ ಸಂಬಂಧ ಬಂತು. ನೋಡಲು ಬಂದಾಗ ಮಾಸ್ತರರು ನನ್ನಿಂದ ಹಾಡು ಹೇಳಿಸಲಿಲ್ಲ, ನಡೆಸಿ ನೋಡಲಿಲ್ಲ. ಮೇಜಿನ ಮೇಲಿದ್ದ ದಂಡು ಕಂಡು, ಇದನ್ನು ಯಾರು ಆಡುತ್ತಾರೆ ಎಂದು ಕೇಳಿದರು. ನಾನೂ ಆಡುತ್ತೇನೆ ಎಂದೆ. ನಕ್ಕರು. ಮುಂದಿನ ಹಲ್ಲು ಸ್ವಲ್ಪ ಉಬ್ಬಿದ್ದವು, ನನಗೆ ಆ ಹಲ್ಲೇ ಹಿಡಿಸಿದವು. ಲಗ್ನವಾದರೆ ಇವರನ್ನೇ ಆಗಬೇಕು ಎಂದು ಅವತ್ತೇ ನಿಶ್ಚಯ ಮಾಡಿಕೊಂಡೆ, ಅದಕ್ಕಿಂತ ಹೆಚ್ಚಿನದನ್ನು ನಾನು ಜೀವನದಲ್ಲಿ ಮತ್ತೆಂದೂ ಬಯಸಿಲ್ಲ.

ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಶ್ರಾವಣ ಕಳೆಯಲಿ ಎಂದರು, ದೀಪಾವಳಿ ಬರಲಿ ಎಂದರು. ಅವ್ವ ಒಂದು ದಿನ ಊಟಕ್ಕೆ ಬಡಿಸುತ್ತ, ಈ ಹುಡುಗಿಯದೊಂದು ಮುಗಿಸಿಬಿಡಿ ಎಂದಳು. ನಾನು ಅಲ್ಲೇ ತಂಬಿಗೆಗೆ ನೀರು ತುಂಬುತ್ತಿದ್ದೆ.

"ದೊಡ್ಡಾಕಿದು ಏನಂತ ಗೊತ್ತಾಗೂತನಕಾ ಸಣ್ಣಾಕಿನ್ನ ಬಿಡಂಗಿಲ್ಲ," ಎಂದರು ಅಪ್ಪ. "ಅಕಿ ಸೋತ್ರ ಇಕಿ ಬೇಕಾಗ್ತಾಳ."

ಸೋತರೆ ಎಂದರು, ಹೊಟ್ಟೆಯಲ್ಲಿ ಹುಟ್ಟಿದ ಮಗಳನ್ನು. ಅದೇ ಉಸಿರಿನಲ್ಲಿ ಇನ್ನಷ್ಟು ಶೇಂಗಾ ಚಟ್ನಿ ಹಾಕಲು ಹೇಳಿದರು. ಅವ್ವ ಹಾಕಿದಳು.

ಆ ಶ್ರಾವಣದ ಪಂಚಮಿಗೆ ಅಕ್ಕ ತವರಿಗೆ ಬಂದಳು. ಉಂಡಿ ನಾನೇ ಕಟ್ಟಿದ್ದೆ, ತಟ್ಟೆ ಮುಂದೆ ಹಿಡಿದರೆ ಮುಖ ತಿರುವಿದಳು. ಹಿತ್ತಲ ಜೋಕಾಲಿಯ ಹತ್ತಿರ ನಾವಿಬ್ಬರೇ ಇದ್ದಾಗ ಬಾಯಿ ಬಿಟ್ಟಳು.

"ನೀ ಇಲ್ಲಿ ಕುಂತೀದಿ ಅಂತs ಅಲ್ಲಿ ನನಗ ಔಷಧ ಸುದ್ದಾ ಕೊಡಸವಲ್ರು. ಯಾಂವನರ ಲಗ್ನಾಗಿ ಹೋಗು."

ಅಪ್ಪ ಬಿಡದಿದ್ದರೆ ನಾನೇನು ಮಾಡಲಿ ಎಂದು ಕೇಳಿದೆ.

"ಹಂಗಾರ ಸಾಯಿ," ಎಂದಳು. ಕೂಗಾಡಲಿಲ್ಲ, ಸಿಟ್ಟಿನ ಮುಖವೂ ಇರಲಿಲ್ಲ. ಹೇಳಿ ಜೋಕಾಲಿ ಏರಿ ಕೂತಳು, ನಾನು ಹಿಂದಿನಿಂದ ತೂಗಿದೆ. ನನಗೆ ಜಡೆ ಹಾಕಿ ಬೆಳೆಸಿದ ಅಕ್ಕ ಅವಳು. ಅಪ್ಪ ಒಂದು ಬೆರಳೂ ಎತ್ತದೆ ನಮ್ಮಿಬ್ಬರನ್ನು ಹಗೆಗಳನ್ನಾಗಿ ಮಾಡಿದ್ದರು.

ವಕೀಲರ ಹೆಂಡತಿ ಹುಡುಗಿಯರ ಸಾಲಿಯಲ್ಲಿ ಕಲಿಸುತ್ತಿದ್ದರು. ಹೊಲಿಗೆ ಕಲಿಸುವ ನೆವದಲ್ಲಿ ನನ್ನನ್ನು ಕರೆಸಿಕೊಂಡು ಓದಿಸಿ, ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡಿಸಿದರು. ಪಾಸಾದೆ. ಹಳ್ಳಿಯ ಸಾಲಿಗಳಿಗೆ ಕಲಿಸುವ ಹೆಂಗಸರು ಸಿಗದ ಕಾಲ, ಅರ್ಜಿ ಹಾಕಿದರೆ ನೌಕರಿ ಖಾತ್ರಿ ಎಂದರು. ನೌಕರಿ ಸಿಕ್ಕರೆ ಅಪ್ಪನ ಹೂಂ ನನಗೆ ಬೇಕಿರಲಿಲ್ಲ. ಮುಗದದ ಮಾಸ್ತರರು ಇನ್ನೂ ಕಾಯುತ್ತಿದ್ದರು, ಹೆಂಡತಿ ನೌಕರಿ ಮಾಡಿದರೆ ತಮಗೆ ಖುಷಿಯೇ ಎಂದು ವಕೀಲರ ಮನೆಯಲ್ಲಿ ಹೇಳಿಯೂ ಹೋಗಿದ್ದರು.

ನಾನು ಅಪ್ಪನ ಮುಂದೆ ಬಾಯಿ ಬಿಡಲಿಲ್ಲ. ಯುಗಾದಿಗೆ ಅಪ್ಪ ತಾವಾಗಿಯೇ ಒಪ್ಪಬಹುದು, ಒಪ್ಪದಿದ್ದರೆ ಆಗ ಹೇಳಿದರಾಯಿತು, ಕೈಯಲ್ಲೊಂದು ಇರಲಿ ಎಂದುಕೊಂಡೆ. ಯಾರ ಮಗಳು ನಾನು.

ಯುಗಾದಿಗೆ ಮೊದಲೇ ಮಾಸ್ತರರ ಮನೆಯವರಿಗೆ ಸಾಕಾಗಿ ಹೋಯಿತು, ಬೇರೆ ಹುಡುಗಿಯನ್ನು ಗಟ್ಟಿ ಮಾಡಿದರು. ಅಪ್ಪನಿಗೆ ಲಗ್ನಪತ್ರಿಕೆ ಬಂತು. ಹೋಗಿ ಅಕ್ಷತೆ ಹಾಕಿ, ಊಟ ಮಾಡಿ ಬಂದು, ಹೋಳಿಗೆಗೆ ತುಪ್ಪ ಧಾರಾಳವಾಗಿತ್ತೆಂದು ಹೊಗಳಿದರು. ನಾನು ಅವರಿಗೆ ಕೈ ತೊಳೆಯಲು ನೀರು ಕೊಟ್ಟೆ.

ಮರುವರ್ಷ ಅಕ್ಕ ಗಂಡು ಹೆತ್ತಳು. ಅಪ್ಪ ಓಣಿಗೆಲ್ಲ ಪೇಡೆ ಹಂಚಿದರು. ನಾನು ಚಹಾ ತಂದು ಮೇಜಿನ ಮೇಲಿಡುವಾಗ ವಕೀಲರಿಗೆ, ಮೀಸಲು ಮುಟ್ಟದೆ ಗೆದ್ದ ಯುದ್ಧವೇ ಯುದ್ಧ ಎಂದು ಹೇಳುತ್ತಿದ್ದರು. ವಕೀಲರು ನನ್ನ ಮುಖ ನೋಡಿ ತಲೆ ತಗ್ಗಿಸಿದರು. ಅಪ್ಪ ನೋಡಲಿಲ್ಲ. ಬಾಣಂತನಕ್ಕೆ ನನ್ನನ್ನೇ ಹುಬ್ಬಳ್ಳಿಗೆ ಕಳಿಸಿದರು, ಅಕ್ಕ ಕೂಸನ್ನು ನನ್ನ ತೊಡೆಯ ಮೇಲೆ ಒಂದು ಸಲವೂ ಹಾಕಲಿಲ್ಲ. ನಾನು ಮರಳಿ ಬಂದ ಮೇಲೆ ಬಂದ ವರಗಳೆಲ್ಲ ಎರಡನೆಯ ಸಂಬಂಧದವರು, ಒಬ್ಬನ ಮಗ ನನಗಿಂತ ಎತ್ತರವಿದ್ದ.

ನೌಕರಿಗೆ ಆಗಲೂ ಹೋಗಬಹುದಿತ್ತು. ಹೋಗಲಿಲ್ಲ. ಪಾಸಾದದ್ದನ್ನು ಅಪ್ಪನನ್ನು ನೋಯಿಸಲೆಂದೇ ಇಟ್ಟುಕೊಂಡೆ, ಚೆನ್ನಾಗಿ ನೋಯುವ ದಿನ ಬರಲಿ ಎಂದು. ಆ ದಿನ ಬಂತು. ಅವ್ವ ತೀರಿಕೊಂಡಳು, ಅಪ್ಪನಿಗೆ ಪೆನ್ಶನ್ ಆಯಿತು, ಕಣ್ಣಿಗೆ ಪೊರೆ ಬಂತು. ಅನ್ನಕ್ಕೂ ನಾನೇ, ಆಟಕ್ಕೂ ನಾನೇ. ಆಗ ಅರ್ಜಿ ಹಾಕಿದೆ. ಸುಳ್ಳ ಎಂಬ ಹಳ್ಳಿಯ ಸಾಲಿಗೆ ಹುಕುಂ ಬಂತು.

ಹೋಗುವ ಹಿಂದಿನ ಸಂಜೆ ನಾನೇ ದಂಡು ಹೂಡಿದೆ. ಅಪ್ಪ ಎಂದಿನಂತೆ ಕುದುರೆಗಳನ್ನು ಬಟ್ಟಲಡಿ ಇಟ್ಟರು. ನಾನು ಜೋರು ಮಾಡಲಿಲ್ಲ. ಅಲ್ಲೊಂದು ಇಲ್ಲೊಂದು ಕಾಲಾಳು ಹೊಡೆಯುತ್ತ, ಅವರಿಗೆ ಇನ್ನೂ ಹೊತ್ತಿದೆ ಅನ್ನಿಸುವ ಹಾಗೆ ಆಡಿದೆ. ಕಡೆಯ ಸುತ್ತಿಗೆ ಹೊಳೆ ದಾಟಿ ಅವರ ನಿಶಾನೆ ಕಿತ್ತುಕೊಂಡೆ. ಆಟ ಮುಗಿಯಿತು. ಬಟ್ಟಲು ನಾನೇ ಎತ್ತಿದೆ.

ಅಪ್ಪ ಒಂದು ಕುದುರೆಯನ್ನು ಕಣ್ಣ ಹತ್ತಿರ ಹಿಡಿದು, ಅದರ ಬಣ್ಣದ ಮೇಲೆ ಹೆಬ್ಬೆರಳು ಆಡಿಸಿದರು.

"ಪಾಪ," ಎಂದರು. "ಇವಕ್ಕ ಕಣಕ್ಕ ಇಳ್ಯಾಕs ಸಿಗಲಿಲ್ಲ."

ಆ ದನಿ ಅವ್ವನಿಗೆ ಸಿಕ್ಕಿರಲಿಲ್ಲ, ಅಕ್ಕನಿಗೆ ಸಿಕ್ಕಿರಲಿಲ್ಲ, ನನಗಂತೂ ಇಲ್ಲವೇ ಇಲ್ಲ. ಸೀಸದ ಕುದುರೆಗೆ ಸಿಕ್ಕಿತು. ನನಗೆ ಮೈ ಉರಿಯಿತು. ನಾಳೆ ಇನ್ನೊಂದು ಆಟ ಹೂಡೋಣ ಎಂದರು. ನಾಳೆ ನಾನಿರುವುದಿಲ್ಲ, ಮುಲ್ಕಿ ಪಾಸಾಗಿದ್ದೇನೆ, ಸುಳ್ಳಕ್ಕೆ ನೌಕರಿಗೆ ಹೊರಟಿದ್ದೇನೆ ಎಂದೆ. ಅವರ ಮುಖ ಬೀಳುವುದನ್ನು ನೋಡಲು ಕಂದೀಲು ಹತ್ತಿರ ಸರಿಸಿಕೊಂಡಿದ್ದೆ.

ಮುಖ ಬೀಳಲಿಲ್ಲ. ಯಾವಾಗ ಪಾಸಾದೆ ಎಂದು ಕೇಳಿದರು. ಮೂರು ವರ್ಷವಾಯಿತು ಎಂದೆ. ಕುದುರೆಯನ್ನು ಮೇಜಿನ ಮೇಲಿಟ್ಟರು.

"ಅವಾಗ ಆ ಮುಗದದಾಂವ ಇನ್ನೂ ಖಾಲಿ ಇದ್ದನಲ್ಲ."

"ಇದ್ರು."

"ಹಂಗಾರ ಅವಾಗs ಕಣಕ್ಕ ಬಿಡಬೇಕಿತ್ತು," ಎಂದರು, ನನ್ನ ಆಟದ ತಪ್ಪು ತಿದ್ದುವಾಗಿನ ದನಿಯಲ್ಲೇ. "ಭಾಳ ತಡಾ ಮಾಡಿದಿ."

ಬೆಳಿಗ್ಗೆ ಟಾಂಗಾ ಬಂದಾಗ ಅವರು ಒಬ್ಬರೇ ಕೂತು, ತಡಕಾಡುತ್ತ, ಎರಡೂ ಕಡೆಯ ದಂಡು ಹೂಡುತ್ತಿದ್ದರು. ನಾನು ಹೇಳದೆ ಹೊರಟೆ. ಅವರು ಮಾಡಿದ್ದನ್ನೆಲ್ಲ ಬೇಕಾದರೆ ಮನ್ನಿಸಿಯೇನು. ಆ ಸಂಜೆ ಹೇಳಿದ್ದು ಖರೇ ಇತ್ತು, ಅದನ್ನು ಮಾತ್ರ ಇವತ್ತಿಗೂ ಮನ್ನಿಸಿಲ್ಲ.